ಉಗಿಯಂತ್ರದ ಜೇಮ್ಸ್ ವಾಟ್

ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳವು ಉಗಿಯ ಬಲದಿಂದ ಕುಣಿಯುವುದನ್ನು ನೋಡಿ ಹುಡುಗನೊಬ್ಬನು ಉಗಿಯಂತ್ರವನ್ನು ಕಂಡುಹಿಡಿದನೆಂಬ ಕಥೆಯನ್ನು ಪಾಠಶಾಲೆಯಲ್ಲಿ ಓದದವರು ನಮ್ಮ ವಾಚಕರಲ್ಲಿ ವಿರಳ. ಕಥೆಯೇನೋ ಸೊಗಸಾಗಿದೆ. ಆದರೆ ಅದು ಜೇಮ್ಸ್ ವಾಟನಿಗೆ ಗೌರವಕ್ಕಿಂತ ಹೆಚ್ಚಾಗಿ ಅನ್ಯಾಯವನ್ನೇ ಮಾಡಿದೆಯೆಂದು ನಮಗೆ ತೋರುತ್ತದೆ. ವಾಟನು ಹುಟ್ಟುವುದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ತಾಮಸ್ ನ್ಯೂಕೊಮೆನ್ ಎಂಬಾತನು ಇಂಗ್ಲಂಡಿನ ಡಡ್ಲಿ ಪಟ್ಟಣದ ಬಳಿ ಕಲ್ಲಿದ್ದಲ ಗಣಿಯ ನೀರನ್ನು ಎತ್ತುವುದಕ್ಕಾಗಿ ಉಗಿಯಂತ್ರವೊಂದನ್ನು ನಿಲ್ಲಿಸಿದ್ದನು. ವಾಟನು ಮಾಡಿದುದು ಬೇರೆ. ರಾಶಿ ರಾಶಿ ಇದ್ದಲನ್ನು ನುಂಗಿ ಅಲ್ಪ ಕೆಲಸವನ್ನು ಕೊಡುತ್ತಿದ್ದ ಆ ಯಂತ್ರವನ್ನು ಅವನು ಮಿತವ್ಯಯದ ಯಂತ್ರವನ್ನಾಗಿ ಮಾಡಿದನು. ಅದಕ್ಕೆ ಮುಚ್ಚಳದ ಕುಣಿತವು ಸಾಲಲಿಲ್ಲ. ಹನ್ನೊಂದು ವರ್ಷಗಳ ಪಾಡು ಬೇಕಾಯಿತು. ಆ ಪಾಡಿನ ಫಲವನ್ನು ಅವನು ಮುಂದೆ ಹೇಗೆ ಕಾಯ್ದುಕೊಂಡನೆಂಬುದೂ ನಾವು ಅರಿಯಬೇಕಾದ ವಿಷಯವೇ ಆಗಿದೆ.

ವಾಟನು 1736ನೆಯ ಇಸವಿ ಜನವರಿ 19ರಂದು ಸ್ಕಾಟ್‌ಲಂಡಿನ ಗ್ರೀನಕ್ ಎಂಬ ರೇವುಪಟ್ಟಣದಲ್ಲಿ ಜನಿಸಿದನು. ತಂದೆ ಹಡಗುಗಳಿಗೆ ಬೇಕಾದ ಸಾಮಗ್ರಿಯನ್ನು ಒದಗಿಸುವ ವರ್ತಕ. ಸ್ವತಃ ಕೈಗೆಲಸವನ್ನು ಬಲ್ಲವನು. ಮಗುವಿನ ದೇಹಸ್ಥಿತಿ ದುರ್ಬಲ. ತಲೆನೋವಂತೂ ಆಯುಸ್ಸಿನ ಬಹುಭಾಗ ಅವನನ್ನು ಬಿಡಲಿಲ್ಲ. ಶಾಲೆಗಿಂತ ತಂದೆಯ ಕಾರ್ಯಾಗಾರದಲ್ಲಿಯೇ ಅವನು ಹೆಚ್ಚು ಕಲಿತನೆಂದರೆ ತಪ್ಪಾಗದು. ಗಣಿತೋಪಕರಣಗಳನ್ನು ಮಾಡುವ ವೃತ್ತಿಯನ್ನು ಹಿಡಿಯಬೇಕೆಂದು 1755ರಲ್ಲಿ ಅವನು ಲಂಡನ್ನಿಗೆ ಹೋದನು. ಏಳು ವರ್ಷಗಳ ಶಿಷ್ಯವೃತ್ತಿಯಲ್ಲಿ ಕಲಿಯುವ ವಿದ್ಯೆಯನ್ನು ಒಂದೇ ವರ್ಷದಲ್ಲಿ ಕಲಿಯುವೆನೆಂದು ಒಬ್ಬ ಯಜಮಾನನಿಗೆ ಇಪ್ಪತ್ತು ಗಿನ್ನಿಗಳನ್ನು ತೆತ್ತನು. ಆಗ ನೌಕಾಪಡೆಗೆ ಬಲಾತ್ಕಾರದಿಂದ ಜನರನ್ನು ಹಿಡಿದೊಯ್ಯುತ್ತಿದ್ದುದರಿಂದ ಬೀದಿಗೆ ಬರಲೂ ಹೆದರಿ, ಅರೆಹೊಟ್ಟೆಯಲ್ಲಿ ದುಡಿದು, ಆರೋಗ್ಯವನ್ನು ಕೆಡಿಸಿಕೊಂಡು, ಆದರೆ ವಿದ್ಯೆಯನ್ನು ಸಂಪಾದಿಸಿಕೊಂಡು ಹಿಂದಿರುಗಿದನು. ಏಳು ವರ್ಷಗಳ ಶಿಷ್ಯವೃತ್ತಿಯನ್ನು ಮುಗಿಸದವನಿಗೆ ಕುಶಲಕರ್ಮಿಗಳ ಸಂಘದ ಕಟ್ಟಳೆಯ ಬೆಂಬಲ ಎಲ್ಲಿಯದು? ಗ್ಲಾಸ್ಗೋ ವಿಶ್ವವಿದ್ಯಾನಿಲಯವು 1757ರಲ್ಲಿ ತನ್ನ ಆವರಣದೊಳಗೆಯೇ ಅವನಿಗೊಂದು ಕೊಠಡಿಯನ್ನು ಕೊಟ್ಟು ಕಾಪಾಡಿತು. ಅರ್ಥಶಾಸ್ತ್ರದ ಆಡಂ ಸ್ಮಿತ್ತನು ಆಗ ಅಲ್ಲಿಯೇ ಪ್ರಾಧ್ಯಾಪಕನು. ರಸಾಯನಶಾಸ್ತ್ರದ ಜೋಸೆಫ್ ಬ್ಲ್ಯಾಕನು ಈ ಬಡ ಕುಶಲಕರ್ಮಿಯ ಆಜನ್ಮ ಮಿತ್ರನಾದನು. ಪಂಡಿತರು ಕಮ್ಮಟದ ಬಾಗಿಲಿಗೆ ಬಂದು ಕುಳಿತು ಮಾತನಾಡುತ್ತಿದ್ದರೆಂಬುದನ್ನು ನಾವು ವಿಶೇಷವಾಗಿ ಗಮನಿಸುತ್ತೇವೆ. ಓದಿದವರೂ ಕೈಯಿಂದ ದುಡಿಯುವವರೂ ಹೀಗೆ ಒಂದೆಡೆ ಕೂಡುವುದು ನಮ್ಮಲ್ಲಿ ಎಷ್ಟು ಅಪರೂಪವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿಶ್ವವಿದ್ಯಾನಿಲಯದಲ್ಲಿ ಪಾಠಕ್ಕಾಗಿ ಇಟ್ಟಿದ್ದ ನ್ಯೂಕೊಮೆನ್ ಯಂತ್ರದ ಚಿಕ್ಕ ಮಾದರಿಯೊಂದು ಕೆಟ್ಟಿದ್ದಿತು. 1763-64ರ ಚಳಿಗಾಲದಲ್ಲಿ ಅದು ದುರಸ್ತಿಗಾಗಿ ವಾಟನ ಕೈಗೆ ಬಂದಿತು. ಅವನು ಅದನ್ನು ಸರಿಪಡಿಸಿದನು. ಆದರೂ ಅದು ಕೆಲವೇ ಸಲ ಆಡಿ ನಿಂತುಬಿಡುತ್ತಿದ್ದಿತು. ಬೇರೊಬ್ಬನಾಗಿದ್ದರೆ ಕೂಲಿಯನ್ನು ಪಡೆದು ಸುಮ್ಮನಾಗುತ್ತಿದ್ದನು. ವಾಟನು ಕಾರಣವನ್ನು ಹುಡುಕಹೊರಟನು. ಆ ಯಂತ್ರದಲ್ಲಿ ಸಿಲಿಂಡರಿನೊಳಕ್ಕೆ ಉಗಿಯನ್ನು ತುಂಬಿ, ಬಳಿಕ ಅದೇ ಸಿಲಿಂಡರಿನೊಳಕ್ಕೆ ತಣ್ಣೀರನ್ನು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಆಗ ಒಳಗೆ ಶೂನ್ಯವುಂಟಾಗಿ, ಹೊರಗಣ ಗಾಳಿಯ ಒತ್ತಡವು ಪಿಸ್ಟನನ್ನು ಕೆಳಗೆ ತಳ್ಳುತ್ತಿದ್ದಿತು. ಒಂದೊಂದು ಆಟಕ್ಕೂ ಸಿಲಿಂಡರು ತಣ್ಣಗಾಗಬೇಕು, ಮತ್ತೆ ಕಾಯಬೇಕು. ಉಗಿಯ ಬಹುಪಾಲು ಕೆಲಸಕ್ಕೆ ಬಾರದೆ ಕಬ್ಬಿಣವನ್ನು ಕಾಯಿಸುವುದರಲ್ಲಿಯೇ ಸೋರಿಹೋಗುತ್ತಿದ್ದಿತು. ಅಳತೆ ಮಾಡಿ ನೋಡಿದಾಗ ಮತ್ತೊಂದು ಆಶ್ಚರ್ಯವು ಕಂಡುಬಂದಿತು: ಉಗಿಯಾಗಿ ಹೋದ ನೀರು ತನ್ನ ಆರರಷ್ಟು ತೂಕದ ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಲ್ಲುದಾಗಿದ್ದಿತು. ಇದರ ಮರ್ಮವನ್ನು ಬ್ಲ್ಯಾಕನು ತಾನು ಅದಾಗಲೇ ಕಂಡುಕೊಂಡಿದ್ದ ಗುಪ್ತೋಷ್ಣದ ತತ್ತ್ವದಿಂದ ಬಿಡಿಸಿ ಹೇಳಿದನು.

ಸಿಲಿಂಡರು ಸದಾ ಬಿಸಿಯಾಗಿರಬೇಕು. ಉಗಿ ಮಾತ್ರ ತಣಿಯಬೇಕು. ಪರಸ್ಪರ ವಿರುದ್ಧವಾದ ಈ ಎರಡು ಅಗತ್ಯಗಳನ್ನು ಹೊಂದಿಸುವುದೆಂತು? 1765ರ ಮೇ ತಿಂಗಳ ಒಂದು ಭಾನುವಾರ ಗ್ಲಾಸ್ಗೋವಿನ ಹುಲ್ಲುಬಯಲಿನಲ್ಲಿ ತಿರುಗಾಡುತ್ತಿದ್ದಾಗ ಅವನಿಗೆ ಉತ್ತರವು ಹೊಳೆಯಿತು. ಸಿಲಿಂಡರಿಗೆ ಹೊಂದಿಕೊಂಡಂತೆ ಬೇರೆಯೇ ಒಂದು ಪಾತ್ರೆಯನ್ನಿಟ್ಟು ಅದರಲ್ಲಿ ಶೂನ್ಯವನ್ನು ಕಾಯ್ದಿರಿಸಿದರೆ ಉಗಿಯು ತಾನಾಗಿಯೇ ಅತ್ತ ನುಗ್ಗಿ ಅಲ್ಲಿ ತಣಿದು ನೀರಾಗುವುದು. ಸಿಲಿಂಡರು ಬಿಸಿಯಾಗಿಯೇ ಉಳಿಯುವುದು. ಉಗಿಯನ್ನು ಪ್ರತ್ಯೇಕವಾಗಿ ತಣಿಸುವ ಈ ಪಾತ್ರೆಯೇ ವಾಟನ ಕೀರ್ತಿಯ ಮೂಲ. ಅಂದು ಭಾನುವಾರವಾದುದರಿಂದ ಧರ್ಮದ ಕಟ್ಟಳೆಯಂತೆ ಅವನು ಹತ್ಯಾರವನ್ನು ಮುಟ್ಟುವಂತಿರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಚಿಕ್ಕದೊಂದು ಮಾದರಿಯು ಸಿದ್ಧವಾಯಿತು.

ಮಾದರಿಯು ಆಡಿತು, ದೊಡ್ಡ ಯಂತ್ರವು ಆಡಲಿಲ್ಲ. ಇಲ್ಲಿಂದ ಮುಂದಿನ ಕಥೆಯನ್ನು ಪಾಠಪುಸ್ತಕಗಳು ಹೇಳುವುದಿಲ್ಲ. ಕಬ್ಬಿಣದ ಕಾರಖಾನೆಯ ಜಾನ್ ರೋಬಕ್ ಎಂಬ ಸಾಹಸಿಯು ವಾಟನ ಸಾಲವನ್ನು ವಹಿಸಿಕೊಂಡು, ಪ್ರತಿಯಾಗಿ ಮೂರರಲ್ಲಿ ಎರಡು ಪಾಲು ಹಕ್ಕನ್ನು ಪಡೆದನು. 1769ರ ಜನವರಿಯಲ್ಲಿ ಪೇಟೆಂಟು ದೊರೆಯಿತು. ಕಿನ್ನೀಲ್ ಎಂಬಲ್ಲಿ ಯಂತ್ರವನ್ನೂ ಕಟ್ಟಿದರು. ಆದರೆ ಆ ಕಾಲದ ಕಮ್ಮಾರರಿಗೆ ದೊಡ್ಡ ಸಿಲಿಂಡರಿನ ಒಳಮೈಯನ್ನು ನಿಖರವಾಗಿ ದುಂಡಗೆ ಮಾಡುವುದೇ ತಿಳಿಯದು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಣ ಸಂದಿಯನ್ನು ಮುಚ್ಚಲು ಬಿರಡೆಯ ತೊಗಟೆ, ಎಣ್ಣೆಯಲ್ಲಿ ಅದ್ದಿದ ಚಿಂದಿ, ಕಾಗದದ ಮುದ್ದೆ, ಕೊನೆಗೆ ಹಳೆಯ ಟೋಪಿಗಳನ್ನು ಕೂಡ ತುರುಕಿ ನೋಡಿದರು. ಉಗಿಯು ಸೋರುತ್ತಲೇ ಇದ್ದಿತು. ಸಂಸಾರವನ್ನು ಸಾಗಿಸಲು ವಾಟನು ಕಾಲುವೆಗಳ ಅಳತೆಯ ಕೆಲಸಕ್ಕೆ ಹೋದನು. ಮಳೆಯಲ್ಲಿ ನೆನೆದು ಸ್ಕಾಟ್‌ಲಂಡಿನ ಬೆಟ್ಟಗಳಲ್ಲಿ ವರ್ಷಗಟ್ಟಲೆ ಅಲೆದನು. 1773ರಲ್ಲಿ ಅವನು ದೂರದ ಉತ್ತರ ಪ್ರಾಂತದಲ್ಲಿ ಇಂಥ ಅಳತೆಯಲ್ಲಿ ತೊಡಗಿದ್ದಾಗ ಹೆಂಡತಿ ಮಾರ್ಗರೆಟ್ ಪ್ರಸವಕಾಲದಲ್ಲಿ ತೀರಿಕೊಂಡಳು. ಅದೇ ವರ್ಷ ರೋಬಕನು ದಿವಾಳಿಯಾದನು. ಅವನ ಸಾಲಿಗರು ಆಸ್ತಿಯನ್ನು ಬೆಲೆಕಟ್ಟುವಾಗ ವಾಟನ ಯಂತ್ರಕ್ಕೆ ಕಿಲುಬುಕಾಸಿನ ಬೆಲೆಯನ್ನೂ ಕಟ್ಟಲಿಲ್ಲ!

ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನನ ಪ್ರವೇಶವಾದುದು ಈ ಹಂತದಲ್ಲಿ. ರೋಬಕನಿಂದ ತನಗೆ ಬರಬೇಕಾಗಿದ್ದ 1,200 ಪೌಂಡುಗಳ ಸಾಲಕ್ಕೆ ಬದಲಾಗಿ ಅವನು ಆ ಬೆಲೆಯಿಲ್ಲದ ಪಾಲನ್ನು ತೆಗೆದುಕೊಂಡನು. ವಾಟನು ಚಿಂತಾಕುಲ, ಸಂದೇಹಸ್ವಭಾವದವನು, ವ್ಯವಹಾರವೆಂದರೆ ಅಂಜುವವನು. ಬೋಲ್ಟನನು ಧೈರ್ಯಶಾಲಿ, ಮಾತುಗಾರ, ಸಾಲಕ್ಕೆ ಹೆದರದವನು. ಇವರಿಬ್ಬರು ಕೂಡದೆ ಇದ್ದಿದ್ದರೆ ಪ್ರತ್ಯೇಕ ಪಾತ್ರೆಯ ಉಪಾಯವು ಗ್ಲಾಸ್ಗೋವಿನ ಒಂದು ಕಪಾಟಿನಲ್ಲಿಯೇ ಧೂಳು ಹಿಡಿದು ಉಳಿಯುತ್ತಿದ್ದಿತೆಂದು ನಾವು ನಂಬುತ್ತೇವೆ. ಇವರಿಗೆ ಮೂರನೆಯವನೊಬ್ಬನು ಒದಗಿದನು. ಜಾನ್ ವಿಲ್ಕಿನ್‌ಸನ್ ಎಂಬ ಕಬ್ಬಿಣದ ಧಣಿಯು ಫಿರಂಗಿಗಳನ್ನು ಕೊರೆಯುವುದಕ್ಕೆ 1774ರಲ್ಲಿ ಹೊಸ ವಿಧಾನವನ್ನು ಕಂಡುಹಿಡಿದಿದ್ದನು. ಅದನ್ನು ಅನುಸರಿಸಿ ಅವನು ಕೊರೆದುಕೊಟ್ಟ 50 ಅಂಗುಲದ ಸಿಲಿಂಡರಿನಲ್ಲಿ ತವೆದ ಷಿಲಿಂಗ್ ನಾಣ್ಯದ ದಪ್ಪದಷ್ಟು ವ್ಯತ್ಯಾಸವೂ ಇರಲಿಲ್ಲ. ಟೋಪಿ ತುರುಕುವ ಕಾಲವು ಮುಗಿಯಿತು. 1776ರ ಮಾರ್ಚಿಯಲ್ಲಿ ಟಿಪ್ಟನ್ನಿನ ಒಂದು ಕಲ್ಲಿದ್ದಲ ಗಣಿಯಲ್ಲಿ ವಾಟನ ಯಂತ್ರವು ಸಾರ್ವಜನಿಕರ ಸಮಕ್ಷದಲ್ಲಿ ನಡೆಯಿತು. ಹುಲ್ಲುಬಯಲಿನ ಭಾನುವಾರದಿಂದ ಅಲ್ಲಿಗೆ ಹನ್ನೊಂದು ವರ್ಷ.

ಆದರೆ ಪೇಟೆಂಟಿನ ಅವಧಿಯ ಅರ್ಧವು ಪ್ರಯೋಗಗಳಲ್ಲಿಯೇ ಕಳೆದುಹೋಗಿದ್ದಿತು. ಅದಕ್ಕಾಗಿ ಪಾಲುದಾರರು 1775ರಲ್ಲಿಯೇ ಪಾರ್ಲಿಮೆಂಟಿನ ಮೊರೆಹೊಕ್ಕು 1800ನೆಯ ಇಸವಿಯವರೆಗೆ ಅದನ್ನು ವಿಸ್ತರಿಸಿಕೊಂಡಿದ್ದರು. ಇದು ಏಕಸ್ವಾಮ್ಯವೆಂದು ಸಭೆಯಲ್ಲಿ ವಿರೋಧಿಸಿದವರಲ್ಲಿ ಎಡ್ಮಂಡ್ ಬರ್ಕನೂ ಒಬ್ಬನು. ವಾರನ್ ಹೇಸ್ಟಿಂಗ್ಸನ ಮೇಲೆ ದೋಷಾರೋಪಣೆಯನ್ನು ನಡೆಸಿದವನಾಗಿ ಈತನು ನಮ್ಮವರಿಗೆ ಚಿರಪರಿಚಿತನು. ಬರ್ಕನ ಶಂಕೆಯು ನಿರಾಧಾರವಾಗಿರಲಿಲ್ಲವೆಂಬುದನ್ನು ಮುಂದಿನ ಇಪ್ಪತ್ತೈದು ವರ್ಷಗಳು ತೋರಿಸಿಕೊಟ್ಟುವು.

ಕಾರ್ನ್‌ವಾಲ್ ಪ್ರಾಂತದಲ್ಲಿ ತಾಮ್ರ ಮತ್ತು ತವರದ ಗಣಿಗಳಿದ್ದುವು, ಕಲ್ಲಿದ್ದಲು ಇರಲಿಲ್ಲ. ಅದನ್ನು ಸಮುದ್ರದ ಮೇಲೆ ತರಿಸಬೇಕಾಗಿದ್ದುದರಿಂದ ಅಲ್ಲಿನ ಗಣಿಗಾರರು ಹೊಸ ಯಂತ್ರಕ್ಕಾಗಿ ಮುಗಿಬಿದ್ದರು. (ಒಂದು ಶತಮಾನದ ನಂತರ ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಬಂದ ಕಾರ್ನ್‌ವಾಲಿನ ಗಣಿಗಾರರು ಈ ನಾಡಿನವರೇ.) ಬೋಲ್ಟನ್ ಮತ್ತು ವಾಟರು ಯಂತ್ರಕ್ಕೆ ಒಮ್ಮೆಗೇ ಬೆಲೆ ಹೇಳುವುದನ್ನು ಬಿಟ್ಟು, ಹಳೆಯ ಯಂತ್ರಕ್ಕಿಂತ ಎಷ್ಟು ಇದ್ದಲು ಉಳಿಯುವುದೋ ಅದರ ಬೆಲೆಯ ಮೂರನೆಯ ಒಂದು ಪಾಲನ್ನು ಪೇಟೆಂಟು ಮುಗಿಯುವವರೆಗೂ ಸಲ್ಲಿಸಬೇಕೆಂದು ಕರಾರು ಮಾಡಿಕೊಳ್ಳುತ್ತಿದ್ದರು. ಮೊದಮೊದಲು ಇದು ನ್ಯಾಯವೆಂದು ಎಲ್ಲರಿಗೂ ತೋರಿತು. ವರ್ಷಗಳುರುಳಿದಂತೆ, ತಾಮ್ರದ ಬೆಲೆಯು ಕುಸಿದಾಗಲೂ ತಪ್ಪದ ಈ ಕಂದಾಯವು ಗಣಿಗಾರರಿಗೆ ಹೊರೆಯಾಯಿತು. ಹಲವರು ಹಣವನ್ನು ತಡೆಹಿಡಿದರು. ಜೊನಾಥನ್ ಹಾರ್ನ್‌ಬ್ಲೋವರನು ಎರಡು ಸಿಲಿಂಡರುಗಳ ಯಂತ್ರಕ್ಕೆ 1781ರಲ್ಲಿ ಪೇಟೆಂಟನ್ನು ಪಡೆದಿದ್ದನು. ಎಡ್ವರ್ಡ್ ಬುಲ್ಲನು ಬೇರೊಂದು ರೂಪವನ್ನು ಕಟ್ಟಿದನು. ವಾಟನ ಕಡೆಯವರು ಇಂಥವರನ್ನು ನ್ಯಾಯಾಲಯಕ್ಕೆ ಎಳೆದರು. ಮೊಕದ್ದಮೆಗಳು 1793ರಿಂದ 1799ರವರೆಗೆ ನಡೆದುವು. ಕೊನೆಗೆ ಜಯವು ವಾಟನಿಗೇ ಆಯಿತು.

ಈ ಜಯವನ್ನು ಕುರಿತು ನಾವು ಹೇಗೆ ತೀರ್ಪು ಕೊಡಬೇಕು? ಹನ್ನೊಂದು ವರ್ಷಗಳ ಕಾಲ ಹಸಿವನ್ನೂ ಸಾಲವನ್ನೂ ಸಹಿಸಿದವನ ಫಲವನ್ನು ಕಂಡವರೆಲ್ಲ ಕಿತ್ತುಕೊಳ್ಳುವುದು ಧರ್ಮವಲ್ಲ. ರಕ್ಷಣೆಯಿಲ್ಲದೆ ಬೋಲ್ಟನನು ತನ್ನ ಹಣವನ್ನು ಹೂಡುತ್ತಲೂ ಇರಲಿಲ್ಲ. ಇಷ್ಟನ್ನು ನಾವು ಒಪ್ಪುತ್ತೇವೆ. ಆದರೆ ಒಟ್ಟು 31 ವರ್ಷಗಳ ಹಕ್ಕು ಪರಿಶ್ರಮದ ಪ್ರತಿಫಲವನ್ನು ದಾಟಿ ಹೋಯಿತೆಂಬುದೂ ಅಷ್ಟೇ ನಿಜ. ಹೆಚ್ಚಿನ ಒತ್ತಡದ ಉಗಿಯನ್ನು ಬಳಸುವುದು ಅಪಾಯಕರವೆಂದು ವಾಟನು ದೃಢವಾಗಿ ನಂಬಿದ್ದನು. ಅವನಲ್ಲಿಯೇ ಕೆಲಸಕ್ಕಿದ್ದ ವಿಲಿಯಂ ಮರ್ಡಾಕ್ ಎಂಬ ಪ್ರತಿಭಾವಂತನು 1784ರಲ್ಲಿ ಉಗಿಯಿಂದ ಓಡುವ ಬಂಡಿಯ ಪುಟ್ಟ ಮಾದರಿಯನ್ನು ಮಾಡಿದಾಗ ಅವನಿಗೆ ಉತ್ತೇಜನವು ದೊರೆಯಲಿಲ್ಲ. ಪೇಟೆಂಟು 1800ರಲ್ಲಿ ಮುಗಿಯಿತು. ಮರುವರ್ಷವೇ ರಿಚರ್ಡ್ ಟ್ರೆವಿಥಿಕ್ಕನು ಹೆಚ್ಚಿನ ಒತ್ತಡದ ಉಗಿಯಿಂದ ರಸ್ತೆಯ ಮೇಲೆ ಬಂಡಿಯನ್ನು ಓಡಿಸಿದನು. 1804ರಲ್ಲಿ ಹಳಿಗಳ ಮೇಲೂ ಓಡಿಸಿದನು. ಪೇಟೆಂಟೊಂದೇ ಇದನ್ನೆಲ್ಲ ತಡೆದಿತ್ತೆಂದು ಹೇಳುವುದು ಅತಿಶಯವಾದೀತು. ಆದರೆ ಬಾಗಿಲನ್ನು ಕಾಯುತ್ತಿದ್ದವನು ವಾಟನೇ ಎಂಬುದನ್ನು ಮರೆಮಾಚುವುದೂ ಸಲ್ಲದು.

ಅವನ ಬುದ್ಧಿಯ ಇತರ ಫಲಗಳನ್ನು ಇಲ್ಲಿ ಸಂಗ್ರಹವಾಗಿ ಹೇಳಬಹುದು. ನೀರೆತ್ತುವ ಯಂತ್ರವು ಮೇಲೆ ಕೆಳಗೆ ಮಾತ್ರ ಆಡುತ್ತಿದ್ದಿತು. ಗಿರಣಿಗಳಿಗೆ ಚಕ್ರವು ತಿರುಗಬೇಕಾಗಿದ್ದಿತು. ಬೋಲ್ಟನನ ಒತ್ತಾಯದಿಂದ ವಾಟನು 1781ರಲ್ಲಿ ಹಲ್ಲುಗಾಲಿಗಳ ಒಂದು ಜೋಡಣೆಯಿಂದ ಇದನ್ನು ಸಾಧಿಸಿದನು. ಮರುವರ್ಷ ಪಿಸ್ಟನ್ನಿನ ಎರಡು ಕಡೆಯಿಂದಲೂ ಉಗಿಯು ದುಡಿಯುವಂತೆ ಮಾಡಿದನು. 1784ರಲ್ಲಿ ಪಿಸ್ಟನ್ನಿನ ಸರಳನ್ನು ನೇರವಾಗಿ ನಡೆಯಿಸುವ ಸನ್ನೆಗೋಲುಗಳ ಕಟ್ಟನ್ನು ರಚಿಸಿದನು. ತನ್ನ ಕೃತಿಗಳಲ್ಲೆಲ್ಲ ಅವನಿಗೆ ಅಭಿಮಾನವಿದ್ದುದು ಇದರ ಮೇಲೆಯೇ. 1788ರಲ್ಲಿ ಯಂತ್ರದ ವೇಗವನ್ನು ಯಂತ್ರವೇ ಹತೋಟಿಯಲ್ಲಿಟ್ಟುಕೊಳ್ಳುವಂತೆ ತಿರುಗುವ ಗುಂಡುಗಳನ್ನು ಅಳವಡಿಸಿದನು. ಕುದುರೆಗಳಿಂದ ಗಾಣ ತಿರುಗಿಸುತ್ತಿದ್ದವರಿಗೆ ಯಂತ್ರದ ಶಕ್ತಿಯನ್ನು ತಿಳಿಸಬೇಕಲ್ಲವೆ? ನಿಮಿಷಕ್ಕೆ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವ ಶಕ್ತಿಯೇ ಒಂದು ಕುದುರೆಯ ಶಕ್ತಿಯೆಂದು ಲೆಕ್ಕ ಕಟ್ಟಿದನು. ಇಂದು ನಮ್ಮ ರೈತನು ಕೊಳವೆಬಾವಿಗೆ ಐದು ಎಚ್.ಪಿ. ಮೋಟಾರನ್ನು ಕೇಳಿ ಕೊಳ್ಳುವಾಗ ವಾಟನ ಈ ಲೆಕ್ಕವನ್ನೇ ಆಡುತ್ತಾನೆ. ಪತ್ರಗಳ ನಕಲನ್ನು ತೆಗೆಯುವ ಒತ್ತುಯಂತ್ರವನ್ನು 1780ರಲ್ಲಿ ಮಾಡಿದವನೂ ಇವನೇ. ಕಚೇರಿಗಳ ಗುಮಾಸ್ತರು ಇದಕ್ಕಾಗಿ ಅವನನ್ನು ಸ್ಮರಿಸಬಹುದು.

1800ರ ವೇಳೆಗೆ ಈ ಸಂಸ್ಥೆಯು 450ರಿಂದ 500 ಯಂತ್ರಗಳನ್ನು ಕಟ್ಟಿದ್ದಿತು. ತಿರುಗುವ ಯಂತ್ರವು ನೂಲಿನ ಗಿರಣಿಗಳನ್ನು ಹೊಕ್ಕಿತು. ಅದರ ಸಂತತಿಯ ಬಲದಿಂದ ಬೆಳೆದ ಲಂಕಾಷೈರಿನ ನೂಲು ಬಟ್ಟೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಪೇಟೆಗಳಿಗೆ ಬಂದು ಮಗ್ಗದವರ ಅನ್ನಕ್ಕೆ ಏನು ಮಾಡಿದುವೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಗುಲಾಮರು ದುಡಿಯುತ್ತಿದ್ದ ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಿಗೂ ಆ ಶತಮಾನದ ಆರಂಭದಿಂದ ಸಂಸ್ಥೆಯು ಯಂತ್ರಗಳನ್ನು ಮಾರಿತು. ಗಾಣಕ್ಕೆ ಉಗಿಯು ಬಂದರೂ ಕಬ್ಬನ್ನು ಕಡಿಯುವ ಕೈಗಳಿಗೆ ಬಿಡುಗಡೆಯು ಬರಲಿಲ್ಲ.

ಪೇಟೆಂಟು ಮುಗಿದ ವರ್ಷವೇ ವಾಟನು ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿ ನಿವೃತ್ತನಾದನು. ಅಲ್ಲಿಂದ ಮುಂದಿನ ಹತ್ತೊಂಬತ್ತು ವರ್ಷಗಳಲ್ಲಿ ಅವನ ತಲೆನೋವೂ ವ್ಯಾಕುಲವೂ ಬಹುಮಟ್ಟಿಗೆ ಕಡಮೆಯಾದುವೆಂಬುದು ವಿಚಿತ್ರವಾದರೂ ಸತ್ಯ. ದುಃಖಗಳು ಮಾತ್ರ ತಪ್ಪಲಿಲ್ಲ. ಎರಡನೆಯ ಮದುವೆಯ ಮಗಳು ಜೆಸ್ಸಿಯು 1794ರಲ್ಲಿಯೇ ತೀರಿಕೊಂಡಿದ್ದಳು. ಬುದ್ಧಿವಂತನಾದ ಮಗ ಗ್ರೆಗರಿಯು 1804ರಲ್ಲಿ ಕ್ಷಯದಿಂದ ಸತ್ತನು. 1809ರಲ್ಲಿ ಬೋಲ್ಟನನೂ ಹೋದನು. ಬರ್ಮಿಂಗ್‌ಹ್ಯಾಮಿನ ಬಳಿಯ ಹೀತ್‌ಫೀಲ್ಡ್ ಮನೆಯ ಅಟ್ಟದ ಮೇಲೆ ವಾಟನು ಒಂದು ಕಾರ್ಯಾಗಾರವನ್ನು ಮಾಡಿಕೊಂಡು, ಶಿಲ್ಪಗಳ ಪಡಿಯಚ್ಚನ್ನು ಕೊರೆಯುವ ಯಂತ್ರವನ್ನು ತಿದ್ದುತ್ತ ಕಾಲ ಕಳೆದನು. ಅದಕ್ಕೆ ಪೇಟೆಂಟನ್ನು ಪಡೆಯಲಿಲ್ಲ. ಮಾಡಿದ ಪ್ರತಿಮೆಗಳನ್ನು ಮಿತ್ರರಿಗೆ ಕೊಡುತ್ತಿದ್ದನು.

1819ರ ಆಗಸ್ಟ್ 25ರಂದು, ತನ್ನ 83ನೆಯ ವಯಸ್ಸಿನಲ್ಲಿ, ಅವನು ಅದೇ ಮನೆಯಲ್ಲಿ ಕಾಲವಶನಾದನು. ಅಟ್ಟದ ಕೊಠಡಿಗೆ ಬೀಗ ಹಾಕಿದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ಹೆಚ್ಚುಕಡಮೆ ಅವನು ಬಿಟ್ಟಂತೆಯೇ ಉಳಿದಿದ್ದಿತು. 1924ರಲ್ಲಿ ಅದನ್ನು ಅದರೊಳಗಿನ ಎಂಟು ಸಾವಿರಕ್ಕೂ ಮಿಕ್ಕ ವಸ್ತುಗಳೊಡನೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಕೊರೆಯುವ ಯಂತ್ರಗಳು, ಅಚ್ಚುಗಳು, ಉಳಿಗಳು, ಪೂರ್ತಿಯಾಗದ ಪ್ರತಿಮೆಗಳು ಅಲ್ಲಿವೆ.