ಬಸವ ಜಯಂತಿಗೆ ನಾಂದಿ ಹಾಡಿದ ಹರ್ಡೇಕರ್ ಮಂಜಪ್ಪನವರು

ವೈಶಾಖ ಶುದ್ಧ ತದಿಗೆ ಸಮೀಪಿಸುತ್ತಿದ್ದಂತೆ ನಾಡಿನ ಊರೂರುಗಳಲ್ಲಿ ಬಸವ ಜಯಂತಿಯ ಸಡಗರ ತುಂಬಿಕೊಳ್ಳುತ್ತದೆ. ರೈತರು ಎತ್ತುಗಳ ಮೈತೊಳೆದು, ಕೊಂಬುಗಳಿಗೆ ಬಣ್ಣ ಬಳಿದು ಸಿಂಗರಿಸುತ್ತಾರೆ. ಬಸವಣ್ಣನವರ ಭಾವಚಿತ್ರವನ್ನು ಹೂವಿನಿಂದ ಅಲಂಕರಿಸಿ, ವಚನಗಳನ್ನು ಹಾಡುತ್ತಾ ಭಕ್ತರು ಮೆರವಣಿಗೆಯಲ್ಲಿ ಸಾಗುತ್ತಾರೆ. ದೇವರ ಎತ್ತುಗಳನ್ನು ಭಕ್ತಿಯಿಂದ ಸಲಹಿಕೊಂಡು ಬಂದಿರುವ ಮ್ಯಾಸ ನಾಯಕರ ಕಟ್ಟೆಮನೆಯ ಊರು ನನ್ನಿವಾಳ. ಇಂತಹ ಊರಿನವರಿಗೆ ಬಸವನೆಂಬ ಹೆಸರು ಎಂದಿನಿಂದಲೂ ಆತ್ಮೀಯವಾದುದು. ಹೀಗಾಗಿ ಈ ಜಯಂತಿಯೂ ತಲೆತಲಾಂತರದಿಂದ ನಡೆದು ಬಂದಿದೆಯೆಂದೇ ನಮ್ಮಲ್ಲಿ ಹಲವರು ಭಾವಿಸಿದ್ದೇವೆ. ಆದರೆ ಸಾರ್ವಜನಿಕ ಬಸವ ಜಯಂತಿಗೆ ಹುಟ್ಟಿದ ಊರೊಂದಿದೆ, ಹುಟ್ಟಿದ ವರ್ಷವೊಂದಿದೆ, ಹುಟ್ಟಿಗೆ ಕಾರಣರಾದ ಮಹನೀಯರಿದ್ದಾರೆ. ಊರು ದಾವಣಗೆರೆ, ವರ್ಷ 1913. ಆ ಮಹನೀಯರಲ್ಲಿ ಮೊದಲಿಗರು ಹರ್ಡೇಕರ್ ಮಂಜಪ್ಪನವರು.

ಮಂಜಪ್ಪನವರು ಜನಿಸಿದ್ದು 1886ರ ಫೆಬ್ರುವರಿ 18ರಂದು, ಕದಂಬರ ರಾಜಧಾನಿಯಾಗಿದ್ದ ಬನವಾಸಿಯಲ್ಲಿ. ಬಡತನದ ಮನೆ. ಮುಲ್ಕಿ ಪರೀಕ್ಷೆಯನ್ನು ಮುಗಿಸಿ ಶಿರಸಿಯಲ್ಲಿ ಶಾಲಾ ಶಿಕ್ಷಕರಾದರು. ಬಡವರ ಮಗನಿಗೆ ಸರಕಾರಿ ನೌಕರಿಯೆಂಬುದು ಆ ಕಾಲದಲ್ಲಿ ದೊಡ್ಡ ಆಸರೆಯೇ ಸರಿ. ಆದರೆ 1905ರ ಬಂಗಾಳ ವಿಭಜನೆಯಿಂದ ದೇಶದಲ್ಲೆಲ್ಲ ಸ್ವದೇಶೀ ಚಳವಳಿಯ ಗಾಳಿ ಬೀಸಿತು. ಲೋಕಮಾನ್ಯ ತಿಲಕರ ಕೇಸರಿ ಪತ್ರಿಕೆಯ ಬರಹಗಳು ಈ ತರುಣ ಶಿಕ್ಷಕನ ಮನಸ್ಸನ್ನು ಕಲಕಿದವು. ಅವರು ಕೈಯಲ್ಲಿದ್ದ ನೌಕರಿಯನ್ನು ಬಿಟ್ಟು, ಮೈಸೂರು ಸಂಸ್ಥಾನಕ್ಕೆ ಸೇರಿದ್ದ ದಾವಣಗೆರೆಗೆ ಬಂದು, 1906ರಲ್ಲಿ ಧನುರ್ಧಾರಿ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಆಗ ಅವರಿಗೆ ಇಪ್ಪತ್ತೇ ವರ್ಷ.

ನನ್ನಿವಾಳದ ಭಕ್ತರಿಗೆ ದಾವಣಗೆರೆ ಪರಸ್ಥಳವಲ್ಲ. 1997ರಲ್ಲಿ ಹೊಸ ಜಿಲ್ಲೆಯಾಗುವವರೆಗೂ ದಾವಣಗೆರೆಯೂ ಚಳ್ಳಕೆರೆಯೂ ಒಂದೇ ಚಿತ್ರದುರ್ಗ ಜಿಲ್ಲೆಯವು. ಆ ಊರಿನ ವಿರಕ್ತಮಠದಲ್ಲಿ ಅಂದು ಮೃತ್ಯುಂಜಯ ಸ್ವಾಮಿಗಳವರಿದ್ದರು. ಮುಂದೆ ಧಾರವಾಡದ ಮುರುಘಾಮಠದಲ್ಲಿ ಅಸಂಖ್ಯ ಬಡ ವಿದ್ಯಾರ್ಥಿಗಳಿಗೆ ಪ್ರಸಾದವಿತ್ತು ಪೊರೆದ ಪೂಜ್ಯರು ಇವರೇ. ಕಾವಿ ತೊಟ್ಟ ಸ್ವಾಮಿಗಳೂ ಪತ್ರಿಕೆ ನಡೆಸುವ ತರುಣನೂ ಜೊತೆಯಾದರು. ಮಠದಲ್ಲಿ ಭಜನೆ, ಪ್ರವಚನಗಳು ನಡೆದವು. ಮಹಾರಾಷ್ಟ್ರದಲ್ಲಿ ತಿಲಕರು ಗಣೇಶೋತ್ಸವವನ್ನೂ ಶಿವಾಜಿ ಉತ್ಸವವನ್ನೂ ಸಾರ್ವಜನಿಕಗೊಳಿಸಿ ಜನರನ್ನು ಒಗ್ಗೂಡಿಸಿದ್ದನ್ನು ಮಂಜಪ್ಪನವರು ಕಂಡಿದ್ದರು. ಕನ್ನಡ ನಾಡಿನ ಜನ ಹಾಗೆ ಒಂದಾಗಿ ನಿಲ್ಲಲು ಬಸವಣ್ಣನವರಿಗಿಂತ ಹಿರಿಯ ಆಸರೆ ಯಾವುದಿದೆ? 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಬಸವ ಜಯಂತಿಯು ಸಾರ್ವಜನಿಕ ಉತ್ಸವವಾಗಿ ನೆರವೇರಿತು.

ಆ ಕಾಲವನ್ನು ನಾವು ನೆನೆಯಬೇಕು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಪ್ರಕಟವಾದದ್ದು 1923ರಲ್ಲಿ, ಅಂದರೆ ಮೊದಲ ಜಯಂತಿಯ ಹತ್ತು ವರ್ಷಗಳ ನಂತರ. ಎಷ್ಟೋ ವಚನಗಳು ಇನ್ನೂ ತಾಡವೋಲೆಯ ಕಟ್ಟುಗಳಲ್ಲಿಯೇ ಇದ್ದವು. ಜನರು ಬಸವಣ್ಣನವರನ್ನು ಪೂಜಿಸುತ್ತಿದ್ದರು. ಪವಾಡಗಳ ಕಥೆಯನ್ನು ಕೇಳಿ ಕೈಮುಗಿಯುತ್ತಿದ್ದರು. ಕಾಯಕವನ್ನು ಕಲಿಸಿದ, ಜಾತಿಯ ಗೋಡೆಗಳನ್ನು ಕೆಡವಿದ ಬಸವಣ್ಣನವರ ಪರಿಚಯ ಮಾತ್ರ ಮನೆಮನೆಗೆ ಆಗಬೇಕಾಗಿತ್ತು. ಜಯಂತಿಯು ಆ ಪರಿಚಯಕ್ಕೆ ತೆರೆದ ಬಾಗಿಲಾಯಿತು. ದಾವಣಗೆರೆಯಿಂದ ಅದು ಊರಿಂದೂರಿಗೆ ಹಬ್ಬಿತು.

ಇಂತಹ ಉತ್ಸವವನ್ನು ಕಟ್ಟಿದವರು ಅದರ ವೇದಿಕೆಯ ಮೇಲೆಯೇ ಜೀವಮಾನವನ್ನು ಕಳೆಯಬಹುದಿತ್ತು. ಮಂಜಪ್ಪನವರು ಹಾಗೆ ಮಾಡಲಿಲ್ಲ. ಮದುವೆಯಾಗದೆ, ಖಾದಿ ತೊಟ್ಟು, ಸೇವೆಯನ್ನೇ ವ್ರತವಾಗಿ ಸ್ವೀಕರಿಸಿದರು. ಹರಿಹರದ ಬಳಿ ತುಂಗಭದ್ರೆಯ ತೀರದಲ್ಲಿ ಆಶ್ರಮವನ್ನು ಕಟ್ಟಿದರು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಬಸವೇಶ್ವರ ಸೇವಾದಳವನ್ನು ಸಂಘಟಿಸಿದರು. ಬಳಿಕ ಕೃಷ್ಣೆಯ ದಡದ ಆಲಮಟ್ಟಿಗೆ ಹೋಗಿ ವಿದ್ಯಾಲಯವನ್ನು ತೆರೆದರು. ಇಂದು ಅಣೆಕಟ್ಟಿನಿಂದ ಹೆಸರಾಗಿರುವ ಆಲಮಟ್ಟಿ ಆಗ ಒಂದು ಸಣ್ಣ ಹಳ್ಳಿ. ಶರಣ ಸಂದೇಶ, ಖಾದಿ ವಿಜಯ ಮೊದಲಾದ ಪತ್ರಿಕೆಗಳನ್ನು ನಡೆಸಿದರು. ಜನಸಾಮಾನ್ಯರಿಗಾಗಿ ಅನೇಕ ಪುಸ್ತಕಗಳನ್ನು ಬರೆದರು. ತಮ್ಮ ಮೂವತ್ತು ವರ್ಷಗಳ ಸಾರ್ವಜನಿಕ ಬದುಕಿನ ಕಥೆಯನ್ನೂ ಬರೆದಿಟ್ಟರು. ನಾಡು ಅವರನ್ನು ಕರ್ನಾಟಕದ ಗಾಂಧಿ ಎಂದು ಕರೆಯಿತು. ಸ್ವಾತಂತ್ರ್ಯಕ್ಕೆ ಇನ್ನೇನು ಕೆಲವೇ ತಿಂಗಳಿರುವಾಗ, 1947ರ ಜನವರಿ 3ರಂದು ಅವರು ಲಿಂಗೈಕ್ಯರಾದರು.

ಇಂದು ಬಸವ ಜಯಂತಿಗೆ ಸರಕಾರಿ ರಜೆಯಿದೆ. 2024ರಲ್ಲಿ ರಾಜ್ಯ ಸರಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆಲ್ಲವೂ ನಮಗೆ ಸಂತೋಷದ ಸಂಗತಿಗಳೇ. ಆದರೆ ಕಿವಿಗಡಚಿಕ್ಕುವ ಡಿಜೆ ಸದ್ದಿನಲ್ಲಿ ವಚನ ಕೇಳದೆ ಹೋದರೆ, ಮೆರವಣಿಗೆಯು ನಮ್ಮ ಕೇರಿಯಲ್ಲಿ ಮಾತ್ರ ಸುತ್ತಿ ಪಕ್ಕದ ಕೇರಿಯ ಮುಂದೆ ನಿಲ್ಲದೆ ಸಾಗಿದರೆ, ನಾವು ಮೆರೆಸಿದ್ದು ಬಸವಣ್ಣನವರನ್ನೋ ನಮ್ಮನ್ನೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ಎಲ್ಲರನ್ನೂ ತನ್ನವರೆಂದು ಅಪ್ಪಿದ ಬಸವಣ್ಣನವರನ್ನು ಒಂದು ಜಾತಿಯ ಗುರುತಾಗಿ ಹೊತ್ತು ತಿರುಗಿದರೆ ಆ ಪಲ್ಲಕ್ಕಿ ಬರಿದಾದಂತೆಯೇ ಸರಿ.

ಮಂಜಪ್ಪನವರು ಜಯಂತಿಯನ್ನು ಆರಂಭಿಸಿದ ನಂತರ ಸುಮಾರು ಮೂವತ್ತನಾಲ್ಕು ವರ್ಷ ಬದುಕಿದ್ದರು. ಉತ್ಸವ ವರ್ಷಕ್ಕೊಮ್ಮೆ; ಉಳಿದ ದಿನಗಳೆಲ್ಲ ಅವರಿಗೆ ನೂಲುವ, ಬರೆಯುವ, ಮಕ್ಕಳಿಗೆ ಕಲಿಸುವ ಕಾಯಕದ ದಿನಗಳಾಗಿದ್ದವು. ಮೆರವಣಿಗೆ ಮುಗಿದ ಮರುದಿನ ಬೆಳಗ್ಗೆ ನಾವು ಮಾಡುವುದೇನು ಎಂಬ ಪ್ರಶ್ನೆಗೆ ಅವರ ಬದುಕೇ ಉತ್ತರವಾಗಿದೆ. ಬರುವ ಜಯಂತಿಯಂದು ನಮ್ಮೂರಿನ ಪ್ರತಿಯೊಂದು ಕೇರಿಯವರನ್ನೂ ಕರೆದು ಜೊತೆಯಲ್ಲಿ ನಡೆಯೋಣ. ಜೊತೆಯಲ್ಲಿ ಕುಳಿತು ಪ್ರಸಾದ ಸ್ವೀಕರಿಸೋಣ. ಮರುದಿನ ಓದಿಗೆ ನೆರವು ಬೇಕಾದ ಒಂದು ಮಗುವಿನ ಮನೆಬಾಗಿಲಿಗೆ ಹೋಗೋಣ. ಮಂಜಪ್ಪನವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಶರಣಾರ್ಥಿ ಇದೇ.