ಆಕಾಶ ನೋಡುತ್ತಾ ನಡೆದ ತೆರೇಸಾ



ಬಸ್ಸಿನಲ್ಲಿ ಪೇಟೆಗೆ ಹೋಗುವಾಗ ಲಿಟ್ಲ್ ಫ್ಲವರ್ ಅಂತ ಹೆಸರಿರುವ ಶಾಲೆಗಳ ಬೋರ್ಡನ್ನು ನೀವೂ ನೋಡಿರಬಹುದು. ಅದು ಯಾವುದೋ ಹೂವಿನ ಹೆಸರು ಅಂತಲೇ ನಾನು ತುಂಬಾ ದಿನ ತಿಳಿದುಕೊಂಡಿದ್ದೆ. ಆದರೆ ಅದು ಒಬ್ಬರ ಅಡ್ಡಹೆಸರು. ಅವರೇ ಫ್ರಾನ್ಸ್ ದೇಶದ ಲಿಸಿಯೂ ಊರಿನ ಸಂತ ತೆರೇಸಾ. ಕಲ್ಕತ್ತಾದ ಮದರ್ ತೆರೇಸಾ ಬೇರೆ, ಇವರು ಬೇರೆ. ಮದರ್ ತೆರೇಸಾ 1931ರಲ್ಲಿ ವ್ರತ ತೆಗೆದುಕೊಂಡಾಗ ಇವರ ಹೆಸರನ್ನೇ ತಾವು ಇಟ್ಟುಕೊಂಡರು. ಮಂಗಳೂರಿನಲ್ಲಿ 1921ರಲ್ಲಿ ಶುರುವಾದ ಬೆಥನಿ ಸಿಸ್ಟರುಗಳ ಸಂಸ್ಥೆಯ ಪೂರ್ತಿ ಹೆಸರಿನಲ್ಲೂ ಈ ಲಿಟ್ಲ್ ಫ್ಲವರ್ ಇದೆ.

ತೆರೇಸಾ ಹುಟ್ಟಿದ್ದು 1873ನೇ ಇಸವಿ ಜನವರಿ 2ರಂದು, ಅಲಾನ್ಸೊನ್ ಎಂಬ ಊರಿನಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸ ಮಾಡುತ್ತಿದ್ದರು. ತಾಯಿ ಝೆಲಿ ಲೇಸ್ ಹೆಣೆಸಿ ಮಾರುತ್ತಿದ್ದರು. ಒಂಬತ್ತು ಮಕ್ಕಳಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಹೋದವು. ಉಳಿದ ಐವರು ಹೆಣ್ಣುಮಕ್ಕಳಲ್ಲಿ ತೆರೇಸಾನೇ ಕಡೆಯವಳು. (ಚಿಕ್ಕಂದಿನ ಕಥೆ ಹೇಳುವಾಗ ಅವಳು ಅಂತಲೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.) ಅವಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ, 1877ರ ಆಗಸ್ಟಿನಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೆ ತಂದೆ ಮಕ್ಕಳನ್ನು ಕರೆದುಕೊಂಡು ಅವರ ಸೋದರಮಾವ ಇದ್ದ ಲಿಸಿಯೂ ಊರಿಗೆ ಬಂದರು.

ಅಲ್ಲಿ ನಡೆದ ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ರಾತ್ರಿ ಅಪ್ಪನ ಕೈ ಹಿಡಿದು ಮನೆಗೆ ಬರುವಾಗ ತೆರೇಸಾ ಆಕಾಶದಲ್ಲಿ ಒಂದು ನಕ್ಷತ್ರಗಳ ಗುಂಪನ್ನು ಕಂಡಳು. ಅದೇ ನಮ್ಮ ವಿಜ್ಞಾನ ಪುಸ್ತಕದ ಮಹಾವ್ಯಾಧ. ಅದರ ನಡುವಿನ ನಕ್ಷತ್ರಗಳು ಇಂಗ್ಲಿಷಿನ ಟೀ ಅಕ್ಷರದ ಹಾಗೆ ಕಾಣುತ್ತವೆ. ಅವರ ಭಾಷೆಯಲ್ಲಿ ಅವಳ ಹೆಸರು ಶುರುವಾಗುವುದು ಅದೇ ಅಕ್ಷರದಿಂದ. ಸ್ವರ್ಗದಲ್ಲಿ ತನ್ನ ಹೆಸರು ಬರೆದಿದೆ ಅಂತ ಅಪ್ಪನಿಗೆ ತೋರಿಸಿ ಕುಣಿದಳಂತೆ. ಇನ್ನು ನೆಲ ನೋಡುವುದೇ ಬೇಡ ಅಂತ ಕತ್ತು ಮೇಲೆತ್ತಿಕೊಂಡು ನಡೆದಳು. ಎಡವಿ ಬೀಳದ ಹಾಗೆ ನಡೆಸಿಕೊಂಡು ಬರುವ ಕೆಲಸ ಅಪ್ಪನದಾಯಿತು.

ಹಾಗಂತ ಅವಳೇನೂ ಶಾಂತ ಹುಡುಗಿ ಅಲ್ಲ. ಹಟಮಾರಿ, ಅಳುಬುರುಕಿ. ತಾಯಿಯ ಹಾಗೆ ಸಾಕುತ್ತಿದ್ದ ಅಕ್ಕ ಪೌಲಿನ್ 1882ರಲ್ಲಿ ಕಾರ್ಮೆಲ್ ಮಠ ಸೇರಿದಾಗ ಇವಳಿಗೆ ತಡೆದುಕೊಳ್ಳಲು ಆಗಲಿಲ್ಲ. ಮುಂದಿನ ವರ್ಷ ಕಾಯಿಲೆ ಬಿದ್ದು ಹಾಸಿಗೆ ಹಿಡಿದಳು. ಮುಟ್ಟಿದರೆ ಅಳುವ ಆ ಸ್ವಭಾವ ಹೋದದ್ದು 1886ರ ಕ್ರಿಸ್ಮಸ್ ರಾತ್ರಿ ಅಂತ ಅವರೇ ಬರೆದಿದ್ದಾರೆ.

ಮರುವರ್ಷ ಪ್ಯಾರಿಸ್ಸಿನಲ್ಲಿ ಪ್ರಾಂಜಿನಿ ಎಂಬವನಿಗೆ ಮೂರು ಕೊಲೆಗಳಿಗಾಗಿ ಮರಣದಂಡನೆಯಾಯಿತು. ಅವನಿಗೆ ಪಶ್ಚಾತ್ತಾಪವೇ ಇರಲಿಲ್ಲ. ಊರೆಲ್ಲ ಅವನನ್ನು ಶಪಿಸುತ್ತಿದ್ದರೆ ಹದಿನಾಲ್ಕರ ತೆರೇಸಾ ಅವನೂ ಸ್ವರ್ಗಕ್ಕೆ ಹೋಗಬೇಕು ಅಂತ ಪ್ರಾರ್ಥನೆಗೆ ಕೂತಳು. ಪೇಪರ್ ಓದಬಾರದು ಅಂತ ಅಪ್ಪ ಹೇಳಿದ್ದರೂ, ಶಿಕ್ಷೆಯಾದ ಮರುದಿನ ಪೇಪರ್ ತೆಗೆದು ನೋಡಿದಳು. ಕೊನೇ ಗಳಿಗೆಯಲ್ಲಿ ಅವನು ಪಾದ್ರಿಯ ಕೈಯಲ್ಲಿದ್ದ ಶಿಲುಬೆಗೆ ಮುತ್ತಿಟ್ಟ ಅಂತ ಅದರಲ್ಲಿತ್ತು. ಅಪ್ಪನ ಮಾತು ಮೀರಿದ್ದು ಸರಿಯೋ ತಪ್ಪೋ, ನಾನಾಗಿದ್ದರೂ ತೆಗೆದು ನೋಡುತ್ತಿದ್ದೆ.

ಅದೇ 1887ರಲ್ಲಿ ಮಠ ಸೇರುತ್ತೇನೆ ಅಂತ ಅಪ್ಪನ ಹತ್ತಿರ ಕೇಳಿದಳು. ಅಪ್ಪ ಅತ್ತರು, ಆದರೆ ಬೇಡ ಅನ್ನಲಿಲ್ಲ. ಗೋಡೆಯ ಮೇಲೆ ಬೆಳೆದಿದ್ದ ಒಂದು ಚಿಕ್ಕ ಬಿಳಿ ಹೂವನ್ನು ಕಿತ್ತು ಅವಳ ಕೈಗೆ ಕೊಟ್ಟರು. ಅದು ಬೇರು ಸಮೇತ ಬಂದಿತ್ತು. ಲಿಟ್ಲ್ ಫ್ಲವರ್ ಅನ್ನುವ ಹೆಸರಿನ ಹಿಂದೆ ಈ ಹೂವೂ ಇದೆ. ಆದರೆ ವಯಸ್ಸು ಸಾಲದು ಅಂತ ಮಠದ ಮೇಲ್ವಿಚಾರಕ ಗುರುಗಳು ಒಪ್ಪಲಿಲ್ಲ. ದೊಡ್ಡವಳಂತೆ ಕಾಣಲಿ ಅಂತ ತುರುಬು ಕಟ್ಟಿಕೊಂಡು ಬಿಷಪರ ಹತ್ತಿರ ಹೋದಳು. ಅಲ್ಲೂ ಆಗಲಿಲ್ಲ. ನವೆಂಬರಿನಲ್ಲಿ ರೋಮಿಗೆ ಯಾತ್ರೆ ಹೋದಾಗ, ಯಾರೂ ಪೋಪರೊಂದಿಗೆ ಮಾತಾಡಬಾರದು ಅಂತ ಹೇಳಿದ್ದರೂ, ಹದಿಮೂರನೇ ಲಿಯೋ ಅವರ ಮೊಣಕಾಲ ಮೇಲೆ ಕೈಯಿಟ್ಟು ಕೇಳಿಯೇ ಬಿಟ್ಟಳು. ದೇವರ ಚಿತ್ತವಿದ್ದರೆ ಸೇರುತ್ತೀ ಅಂತ ಪೋಪ್ ಹೇಳಿದರು. ಇವಳು ಏಳಲಿಲ್ಲ. ಕಾವಲಿನವರು ಎತ್ತಿ ಕರೆದೊಯ್ಯಬೇಕಾಯಿತು. ಕೊನೆಗೆ 1888ರ ಏಪ್ರಿಲ್ 9ರಂದು, 15 ವರ್ಷ 3 ತಿಂಗಳಿಗೆ, ಕಾರ್ಮೆಲ್ ಮಠದ ಬಾಗಿಲು ತೆರೆಯಿತು.

ಇನ್ನು ಮುಂದೆ ಅವರು ಅಂತ ಬರೆಯುತ್ತೇನೆ. ಮಠದ ಒಳಗೆ ಒಂಬತ್ತು ವರ್ಷ ಇದ್ದರು, ಹೊರಗೆ ಬರಲೇ ಇಲ್ಲ. ಕಸ ಗುಡಿಸುವುದು, ಬಟ್ಟೆ ಒಗೆಯುವುದು, ಚಿತ್ರ ಬರೆಯುವುದು, ಹೊಸಬರಿಗೆ ಕಲಿಸುವುದು. ಚಳಿಗಾಲದಲ್ಲಿ ಬೆಂಕಿ ಇದ್ದದ್ದು ಒಂದೇ ಕೋಣೆಯಲ್ಲಿ. ಇಷ್ಟರ ನಡುವೆ ಹೊರಗೆ ಅಪ್ಪನಿಗೆ ಬುದ್ಧಿಭ್ರಮಣೆಯಾಯಿತು, 1889ರಲ್ಲಿ ಆಸ್ಪತ್ರೆಗೆ ಸೇರಿಸಿದರು. ಮಗಳು ಮಠ ಸೇರಿದ್ದಕ್ಕೇ ಹೀಗಾಯಿತು ಅಂತ ಊರವರು ಆಡಿಕೊಂಡರು.

ಪ್ರಾರ್ಥನೆಯಲ್ಲಾದರೂ ಸುಖವಿತ್ತೇ ಅಂದರೆ ಅದೂ ಇಲ್ಲ. ಧ್ಯಾನಕ್ಕೆ ಕೂತರೆ ನಿದ್ದೆ ತೂಗುತ್ತಿತ್ತು. ಜಪಮಾಲೆ ಹೇಳಲು ಮನಸ್ಸು ನಿಲ್ಲುತ್ತಿರಲಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಮಲಗಿದ ಮಕ್ಕಳ ಮೇಲೂ ತಂದೆತಾಯಿಗೆ ಪ್ರೀತಿ ಇರುತ್ತದಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಪುಸ್ತಕದ ಉದ್ದುದ್ದ ಪ್ರಾರ್ಥನೆಗಳು ತಲೆನೋವು ತರುತ್ತಿದ್ದವು. ಮನಸ್ಸು ಬರಡಾದಾಗ ಪರಲೋಕ ಮಂತ್ರವನ್ನು ನಿಧಾನವಾಗಿ ಹೇಳುತ್ತಿದ್ದರು, ಅಷ್ಟೇ. ಅವರಿಗೆ ಪ್ರಾರ್ಥನೆ ಅಂದರೆ ಮನಸ್ಸು ಮೇಲಕ್ಕೆ ಒಮ್ಮೆ ಕಣ್ಣೆತ್ತಿ ನೋಡುವುದು.

ಅವರ ಹಿಂದೆ ಕೂರುತ್ತಿದ್ದ ಒಬ್ಬ ಸಿಸ್ಟರ್ ದಿನಾ ಏನೋ ಕಟಕಟ ಸದ್ದು ಮಾಡುತ್ತಿದ್ದರು. ಮೈ ಬೆವರುವಷ್ಟು ಕಿರಿಕಿರಿ. ತಿರುಗಿ ದುರುಗುಟ್ಟಿ ನೋಡಿದರೆ ಸಾಕಿತ್ತು. ನೋಡಲಿಲ್ಲ, ಆ ಸದ್ದನ್ನೇ ಸಂಗೀತದ ಹಾಗೆ ಕೇಳಲು ಪ್ರಯತ್ನಪಟ್ಟರು. ಬಟ್ಟೆ ಒಗೆಯುವಾಗ ಎದುರಿನವರು ಕೊಳೆನೀರು ಮುಖಕ್ಕೆ ಸಿಡಿಸಿದರೆ ಒರೆಸಿಕೊಳ್ಳುತ್ತಿರಲಿಲ್ಲ.

ಒಬ್ಬ ಮುದುಕಿ ಸಿಸ್ಟರ್ ಇದ್ದರು, ಸೇಂಟ್ ಪಿಯರ್ ಅಂತ. ಯಾರು ಏನು ಮಾಡಿದರೂ ಅವರಿಗೆ ಸಮಾಧಾನವಿಲ್ಲ. ಸಂಜೆ ಆರಕ್ಕೆ ಹತ್ತು ನಿಮಿಷ ಮುಂಚೆ ಅವರನ್ನು ಪ್ರಾರ್ಥನೆಯಿಂದ ಊಟದ ಕೋಣೆಗೆ ನಡೆಸಿಕೊಂಡು ಹೋಗುವ ಕೆಲಸವನ್ನು ತೆರೇಸಾ ತಾವೇ ಕೇಳಿ ವಹಿಸಿಕೊಂಡರು. ಬೇಗ ನಡೆದರೆ ಬೀಳಿಸುತ್ತೀಯಾ ಅಂತ ಬೈಗುಳ, ನಿಧಾನ ನಡೆದರೆ ಕೈ ಬಿಟ್ಟೆಯಾ ಅಂತ ಬೈಗುಳ. ಒಂದು ಚಳಿಗಾಲದ ಸಂಜೆ ಹೀಗೆ ಹೋಗುವಾಗ ದೂರದಿಂದ ವಾದ್ಯದ ಸದ್ದು ಕೇಳಿಬಂತು. ದೀಪಗಳಿಂದ ಹೊಳೆಯುವ ಶ್ರೀಮಂತರ ಮನೆ, ಒಳ್ಳೆ ಬಟ್ಟೆ ಹಾಕಿದ ಹುಡುಗಿಯರು, ಎಲ್ಲಾ ಕಣ್ಣಮುಂದೆ ಬಂತು. ಇಲ್ಲಿ ನೋಡಿದರೆ ಮಂಕು ದೀಪದ ಓಣಿ, ನರಳುವ ಮುದುಕಿ. ಆದರೆ ಆ ಹತ್ತು ನಿಮಿಷವನ್ನು ಸಾವಿರ ವರ್ಷದ ಹಬ್ಬಕ್ಕೂ ಬದಲು ಕೊಡುತ್ತಿರಲಿಲ್ಲ ಅಂತ ಆಮೇಲೆ ಬರೆದರು. ಊಟದ ಕೋಣೆಯಲ್ಲಿ ಆ ಅಜ್ಜಿಯ ಬ್ರೆಡ್ಡನ್ನು ತುಂಡು ಮಾಡಿಕೊಟ್ಟು, ನಕ್ಕು ಹೊರಡುತ್ತಿದ್ದರು. ಕಡೆಕಡೆಗೆ ಅಜ್ಜಿಗೆ ಇವರೇ ಬೇಕಾಯಿತು.

ಈಗ ಬಹಳ ಜನರಿಗೆ ಗೊತ್ತಿಲ್ಲದ ಮಾತು. 1896ರ ಏಪ್ರಿಲ್‌ನಲ್ಲಿ, ಶುಭ ಶುಕ್ರವಾರದ ಹಿಂದಿನ ರಾತ್ರಿ ಮಲಗಿದಾಗ ಬಾಯಿಗೆ ಏನೋ ಬಿಸಿಯಾಗಿ ಉಕ್ಕಿಬಂತು. ದೀಪ ಆರಿಸಿಯಾಗಿತ್ತು. ಮತ್ತೆ ಹಚ್ಚಿ ನೋಡಲಿಲ್ಲ, ಬೆಳಗಿನವರೆಗೆ ಕಾದರು. ಕರವಸ್ತ್ರದಲ್ಲಿ ರಕ್ತವಿತ್ತು. ಕ್ಷಯರೋಗ. ಅದರ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲೇ ಕಂಡುಹಿಡಿದಿದ್ದರೂ ಔಷಧಿ ಇನ್ನೂ ಇರಲಿಲ್ಲ. ತೆರೇಸಾಗೆ ಸಂತೋಷವೇ ಆಯಿತು, ಸ್ವರ್ಗ ಹತ್ತಿರ ಬಂತಲ್ಲ ಅಂತ.

ಆದರೆ ಆ ಪಾಸ್ಕ ಹಬ್ಬದ ಹೊತ್ತಿಗೇ ಮನಸ್ಸಿಗೆ ಕತ್ತಲೆ ಕವಿಯಿತು. ಸ್ವರ್ಗವೇ ಇಲ್ಲ, ಸತ್ತ ಮೇಲೆ ಇನ್ನೂ ದೊಡ್ಡ ಕತ್ತಲೆ ಅಂತ ಒಳಗಿನಿಂದ ಅಣಕಿಸುವ ದನಿ. ಚಿಕ್ಕಂದಿನಿಂದ ಯಾವುದನ್ನು ನೋಡುತ್ತಾ ನಡೆದರೋ ಅದೇ ಗೋಡೆಯ ಹಿಂದೆ ಮರೆಯಾದ ಹಾಗೆ. ಸಂತರಿಗೆ ಸಂಶಯ ಬರುವುದಿಲ್ಲ ಅಂತ ನಾನು ತಿಳಿದಿದ್ದೆ. ಇದು ಒಂದು ದಿನ ಎರಡು ದಿನವಲ್ಲ, ಸಾಯುವವರೆಗೆ ಸುಮಾರು ಒಂದೂವರೆ ವರ್ಷ ಇತ್ತು. ಅವರು ಬರೆದ ಪದ್ಯಗಳಲ್ಲಿ ಸ್ವರ್ಗದ ಸಂತೋಷವೇ ತುಂಬಿರುವುದನ್ನು ಓದಿ ಉಳಿದ ಸಿಸ್ಟರುಗಳು ಇವರಿಗೇನು ಕಷ್ಟ ಅಂದುಕೊಂಡರು. ತಾನು ಹಾಡುತ್ತಿರುವುದು ಕಂಡದ್ದನ್ನಲ್ಲ, ನಂಬಬೇಕೆಂದು ಬಯಸಿದ್ದನ್ನು ಅಂತ ಅವರು ಮದರ್‌ಗೆ ಬರೆದು ತಿಳಿಸಿದರು. ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಲ್ಲೇ ಬರೆದು ಎದೆಯ ಹತ್ತಿರ ಇಟ್ಟುಕೊಂಡಿದ್ದರು. ನಂಬಿಕೆ ಇಲ್ಲದವರ ಊಟದ ಮೇಜಿನಲ್ಲಿ ತಾನೂ ಕೂತಿದ್ದೇನೆ, ಅವರಿಗೆ ಬೆಳಕು ಸಿಗುವವರೆಗೆ ಏಳುವುದಿಲ್ಲ ಅಂದರು. ಕಾಲು ಎತ್ತಿಡಲು ಆಗದಿದ್ದಾಗಲೂ ತೋಟದಲ್ಲಿ ನಡೆಯುತ್ತಿದ್ದರು, ದೂರ ದೇಶದಲ್ಲಿ ದಣಿದ ಯಾವನೋ ಮಿಷನರಿಯ ಪರವಾಗಿ ಅಂತ.

1897ರ ಸೆಪ್ಟೆಂಬರ್ 30ರ ಸಂಜೆ ತೀರಿಕೊಂಡರು. ವಯಸ್ಸು 24. ಏನೂ ಮಾಡದ ಈ ಹುಡುಗಿಯ ಬಗ್ಗೆ ಏನಂತ ಬರೆಯುವುದು ಅಂತ ಮಠದಲ್ಲೇ ಒಬ್ಬರು ಅಂದುಕೊಂಡಿದ್ದರಂತೆ. ಅಕ್ಕನ ಅಪ್ಪಣೆಯಂತೆ ಅವರು ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದ್ದ ಜೀವನಕಥೆ ಮರುವರ್ಷ 2000 ಪ್ರತಿ ಅಚ್ಚಾಯಿತು. ಅದು ಅನೇಕ ಭಾಷೆಗಳಿಗೆ ಹೋಯಿತು. 1925ರಲ್ಲಿ ಸಂತ ಪದವಿ ಸಿಕ್ಕಿತು. ಮಠದಿಂದ ಹೊರಗೇ ಬಾರದವರನ್ನು 1927ರಲ್ಲಿ ಮಿಷನ್ ಕೆಲಸದ ಪಾಲಕರೆಂದು ಸಾರಿದರು. 1997ರಲ್ಲಿ ಧರ್ಮಸಭೆಯ ಪಂಡಿತೆ ಎಂಬ ಬಿರುದು, ಅದನ್ನು ಪಡೆದ ಮೂರನೇ ಮಹಿಳೆ ಇವರು. 2015ರಲ್ಲಿ ಅವರ ಅಪ್ಪ ಅಮ್ಮನಿಗೂ ಒಟ್ಟಿಗೆ ಸಂತ ಪದವಿ ಬಂತು.

ಡಿಸೆಂಬರ್ ತಿಂಗಳಲ್ಲಿ ರಾತ್ರಿ ಊಟವಾದ ಮೇಲೆ ಅಂಗಳಕ್ಕೆ ಬಂದು ಪೂರ್ವಕ್ಕೆ ನೋಡಿ. ಸಾಲಾಗಿ ಮೂರು ನಕ್ಷತ್ರ ಸಿಗುತ್ತವೆ, ಪಕ್ಕದಲ್ಲಿ ಮಂಕಾಗಿ ಇನ್ನೂ ಕೆಲವು. ನಮ್ಮ ಕಡೆ ಆ ಟೀ ಅಡ್ಡ ಮಲಗಿದ ಹಾಗೆ ಹುಟ್ಟುತ್ತದೆ. ಕತ್ತು ಸ್ವಲ್ಪ ಓರೆ ಮಾಡಿದರೆ ಕಾಣುತ್ತದೆ.