ಹಿಮದ ಬೆಟ್ಟಕ್ಕೆ ಟ್ಯಾಂಕ್ ಏರಿಸಿದ ಜನರಲ್ ತಿಮ್ಮಯ್ಯ

 

ಟ್ಯಾಂಕ್ ಅಂದ್ರ ನಮ್ಮ ಶಿಗ್ಲಿಯೊಳಗ ನೀರಿನ ಟ್ಯಾಂಕು. ಯುದ್ಧದ ಗಾಡಿಗೂ ಅದೇ ಹೆಸರು ಯಾಕ ಅಂತ ನಾನು ಸರ್ ಅವರನ್ನು ಕೇಳಿದೆ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಇದನ್ನು ಗುಟ್ಟಾಗಿ ಕಟ್ಟುವಾಗ, ಇದು ನೀರಿನ ಟ್ಯಾಂಕು ಅಂತ ಸುಳ್ಳು ಹೇಳಿದ್ದರಂತೆ. 1916ರಲ್ಲಿ ಅದು ಯುದ್ಧಕ್ಕೆ ಇಳಿಯಿತು. ಹೆಸರು ಹಂಗೇ ಉಳೀತು.

ಅಂಥ ಟ್ಯಾಂಕನ್ನು ಹಿಮದ ಬೆಟ್ಟಕ್ಕೆ ಏರಿಸಿದವರು ನಮ್ಮ ಕರ್ನಾಟಕದವರು. ಅವರ ಹೆಸರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಬೆಂಗಳೂರಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ತರಬೇತಿ ಪಡೆದು 1926ರಲ್ಲಿ ಸೈನ್ಯದ ಅಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡಿದರು.

1948ರಲ್ಲಿ ಅವರು ಕಾಶ್ಮೀರದಲ್ಲಿ ಮೇಜರ್ ಜನರಲ್. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಜೋಜಿಲಾ ಎಂಬ ಕಣಿವೆ ದಾಟಿ ಹೋಗುತ್ತದೆ. ಎತ್ತರ 11,500 ಅಡಿಗೂ ಹೆಚ್ಚು. ಪಾಕಿಸ್ತಾನದ ಕಡೆಯವರು ಅಲ್ಲಿ ಬಂಡೆಗಳ ಮರೆಯಲ್ಲಿ ಮಷಿನ್ ಗನ್ ಇಟ್ಟುಕೊಂಡು ಕುಂತಿದ್ದರು. ಸೆಪ್ಟೆಂಬರ್‌ನಲ್ಲಿ ನಮ್ಮ ಕಾಲಾಳು ಸೈನಿಕರು ಏರಿ ಹೋದರೂ ಕಣಿವೆ ಸಿಗಲಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ ಲೇಹ್ ಕೈಬಿಟ್ಟು ಹೋಗುತ್ತಿತ್ತು.

ಆಗ ತಿಮ್ಮಯ್ಯನವರು ಟ್ಯಾಂಕ್ ತರಿಸಲು ನಿರ್ಧರಿಸಿದರು. ಅವು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳು. ತೋಪು ಇರುವ ಮೇಲಿನ ಭಾಗವನ್ನು ಬಿಚ್ಚಿ ಬೇರೆ ಮಾಡಿ, ಗುಟ್ಟಾಗಿ ಶ್ರೀನಗರಕ್ಕೆ ಸಾಗಿಸಿದರು. ಕಣಿವೆಗೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ ಅಷ್ಟೇ. ಅದನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್ ದಳದವರು. ಅದರ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ! ಟ್ಯಾಂಕಿನ ಹೆಸರು ಎಲ್ಲರೂ ಹೇಳುತ್ತಾರೆ, ಥಂಡಿಯೊಳಗ ಕಲ್ಲು ಒಡೆದವರ ಹೆಸರು ಯಾರೂ ಹೇಳೂದಿಲ್ಲ.

ಮಳಿಗಾಲದಾಗ ಎರಿ ಹೊಲದೊಳಗ ನಮ್ಮ ಕಾಕಾನ ಟ್ರ್ಯಾಕ್ಟರ್ ಸಿಕ್ಕೊಂಡು ನಾವೆಲ್ಲ ಸಂಜೀತನಕ ನೂಕಿದ್ವಿ. ಟ್ಯಾಂಕಿಗೆ ಗಾಲಿ ಮೇಲೆ ಹಿಟಾಚಿಗೆ ಇದ್ದಂಗ ಕಬ್ಬಿಣದ ಚೈನ್ ಪಟ್ಟಿ ಇರುತ್ತದೆ. ಭಾರ ಒಂದೇ ಕಡೆ ಬೀಳದೆ ಉದ್ದಕ್ಕೂ ಹಂಚಿಹೋಗುವುದರಿಂದ ಅದು ಬೇಗ ಹುಗಿಯುವುದಿಲ್ಲ. ಆದರೂ ಹಿಮದಲ್ಲಿ ಜಾರಿದರೆ ಕೆಳಗೆ ಆಳವಾದ ಕಂದರ.

1948ರ ನವೆಂಬರ್ 1ರಂದು ಟ್ಯಾಂಕುಗಳು ಏರಿದವು. ಎಲ್ಲಕ್ಕೂ ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಕುಳಿತಿದ್ದರು. ಅವರಿಗೆ ಏನಾದರೂ ಆಗಿದ್ದರೆ ಸೈನ್ಯದ ಗತಿ ಏನು ಅಂತ ನನಗೆ ಹೆದರಿಕೆ ಆಯಿತು. ಆದರೆ ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಟ್ಯಾಂಕ್ ಒಯ್ದಿರಲಿಲ್ಲ. ದೊಡ್ಡವರೇ ಮುಂದೆ ಕುಂತರೆ ಹಿಂದಿನವರಿಗೆ ಧೈರ್ಯ ಬರುತ್ತದಲ್ಲ? ವೈರಿಗಳ ಗುಂಡು ಟ್ಯಾಂಕಿನ ಉಕ್ಕಿಗೆ ನಾಟಲಿಲ್ಲ. ಹಿಂದಿನಿಂದ ಬಂದ ಕಾಲಾಳುಗಳು ಕಣಿವೆಯನ್ನು ಹಿಡಿದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಸಿಕ್ಕವು, ಲೇಹ್ ದಾರಿ ತೆರೆಯಿತು.

ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಆಮೇಲೆ ಸೈಪ್ರಸ್ ದೇಶದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗ, 1965ರ ಡಿಸೆಂಬರ್ 18ರಂದು ತೀರಿಕೊಂಡರು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯವಾಗಿದೆ. ಈ ಸಲ ಪ್ರವಾಸ ಅಲ್ಲಿಗೇ ಹೋಗಲಿ ಅಂತ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ.

ಏಳನೆಯ ತರಗತಿ